ಕಿಕ್ ಎಷ್ಟು ಅಂತ ಕೇಳುವ ಮೊದಲು

(ಚಿಕ್ಕಬಳ್ಳಾಪುರದಲ್ಲಿ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಬೆಂಗಳೂರಿನಲ್ಲಿ ತಾವೇ ಬಿಯರ್ ತಯಾರಿಸಿ ಮಾರುವ ಯಾವುದೇ ಬ್ರೂಪಬ್‌ಗೆ ಹೋಗಿ ಕೂತರೂ ಮೆನುವಿನಲ್ಲಿ ಆರೇಳು ಬಗೆಯ ಬಿಯರ್ ಇರುತ್ತವೆ. ವೀಟ್ ಬಿಯರ್, ಲಾಗರ್, ಐಪಿಎ, ಸ್ಟೌಟ್, ಬೇಸಿಗೆಯಾದರೆ ಮಾವಿನಹಣ್ಣಿನದ್ದೂ ಒಂದು. ನಮ್ಮ ಕಡೆಯ ಹುಡುಗರು ಶನಿವಾರ ಸಂಜೆ ಹೈವೇ ಹಿಡಿದು ಅಲ್ಲಿಗೆ ಹೋಗುತ್ತಾರೆ. ಮೆನು ತಿರುವಿ ಹಾಕುತ್ತಾರೆ. ಆಮೇಲೆ ವೇಟರ್‌ನನ್ನು ಕೇಳುವ ಮೊದಲ ಪ್ರಶ್ನೆ, "ಇದರಲ್ಲಿ ಯಾವುದಕ್ಕೆ ಕಿಕ್ ಜಾಸ್ತಿ?" ನಗಬೇಡಿ, ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಕೇಳಿರುತ್ತೀರಿ.

ಆ ಪ್ರಶ್ನೆ ಕೇಳಲೇಬಾರದು ಅಂತ ನಾನು ಹೇಳುವುದಿಲ್ಲ. ವಾಪಸ್ ಬರುವಾಗ ಗಾಡಿ ಯಾರು ಓಡಿಸುತ್ತಾರೆ ಅನ್ನುವುದಕ್ಕಾದರೂ ಅದು ಗೊತ್ತಿರಬೇಕು. ಆದರೆ ಅದೇ ಮೊದಲ ಪ್ರಶ್ನೆ ಯಾಕಾಗುತ್ತದೆ? ನನಗೆ ಅನ್ನಿಸುವುದು ಇಷ್ಟು. ಬೇರೆ ದೇಶಗಳಲ್ಲಿ ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಪ್ರಮಾಣದಲ್ಲಿ ಕೈಗೆಲಸದಂತೆ ಮಾಡುವ ಬಿಯರ್, ಅಡುಗೆಮನೆಯಲ್ಲಿ ಹುಟ್ಟಿ ಪಬ್‌ಗೆ ಬಂತು. ನಮ್ಮಲ್ಲಿ ಅಡುಗೆಮನೆಯನ್ನು ದಾಟಿಕೊಂಡು ನೇರವಾಗಿ ಪಬ್‌ಗೇ ಬಂತು. ಮಾಡುವುದು ಹೇಗೆ ಅಂತ ಒಮ್ಮೆಯೂ ನೋಡದವರಿಗೆ ಕೇಳೋಕೆ ಇರುವುದು ಕಿಕ್ಕು ಮತ್ತು ರೇಟು, ಎರಡೇ.

ಇಂಗ್ಲೆಂಡಿನಲ್ಲಿ 1963ರ ತನಕ ಮನೆಯಲ್ಲಿ ಬಿಯರ್ ಮಾಡಬೇಕಾದರೆ ಲೈಸೆನ್ಸ್ ಬೇಕಿತ್ತು. ಆ ವರ್ಷದ ಬಜೆಟ್‌ನಲ್ಲಿ ಅದನ್ನು ತೆಗೆದರು. ಅಮೆರಿಕದಲ್ಲಿ 1933ರಲ್ಲಿ ಪಾನನಿಷೇಧ ಹೋಯಿತು. ಆದರೆ ಮನೆಯಲ್ಲಿ ವೈನ್ ಮಾಡಬಹುದು, ಬಿಯರ್ ಮಾಡುವ ಹಾಗಿಲ್ಲ ಅನ್ನುವ ವಿಚಿತ್ರ ಉಳಿದುಕೊಂಡಿತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಅದು ಸರಿಹೋಯಿತು. ಅದಾಗಿ ಎರಡೇ ವರ್ಷಕ್ಕೆ, 1980ರಲ್ಲಿ, ಕ್ಯಾಲಿಫೋರ್ನಿಯಾದ ಚಿಕೋ ಅನ್ನುವ ಊರಲ್ಲಿ ಕೆನ್ ಗ್ರಾಸ್‌ಮನ್ ತನ್ನ ಪಾಲುದಾರನ ಜೊತೆ ಸಿಯೆರಾ ನೆವಾಡಾ ಶುರು ಮಾಡಿದ. ಅದಕ್ಕೂ ಮೊದಲು ಅವನದ್ದು ಮನೆಯಲ್ಲಿ ಬಿಯರ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿ. ಬ್ರೂವರಿಗೆ ಹೊಸ ಟ್ಯಾಂಕು ಕೊಳ್ಳಲು ದುಡ್ಡಿರಲಿಲ್ಲ, ಹಳೆಯ ಹಾಲಿನ ಡೈರಿಯ ಟ್ಯಾಂಕುಗಳನ್ನು ತಂದು ಜೋಡಿಸಿಕೊಂಡ. ಹಾಲಿನ ಜಿಲ್ಲೆಯವರು ನಾವು, ಇದು ನಮಗೆ ಚೆನ್ನಾಗಿ ಅರ್ಥ ಆಗಬೇಕು.

ಇನ್ನು ನಮ್ಮ ಕಥೆ. ಥಾಮಸ್ ಲೀಷ್‌ಮನ್ ಅನ್ನುವ ಸ್ಕಾಟ್ಲೆಂಡಿನವರು ದಕ್ಷಿಣ ಭಾರತದ ಕೆಲವು ಬ್ರೂವರಿಗಳನ್ನು ಒಟ್ಟು ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ್ದು 1915ರಲ್ಲಿ. ಅಲ್ಲಿಂದ ಸುಮಾರು ನೂರು ವರ್ಷ ನಮಗೆ ಬಿಯರ್ ಅಂದರೆ ಒಂದೇ ರುಚಿ. ತಣ್ಣಗಿರಬೇಕು, ಹಳದಿ ಇರಬೇಕು, ಬಾಟಲಿ ದೊಡ್ಡದಿರಬೇಕು. ಬೆಂಗಳೂರಿನಲ್ಲಿ ಬ್ರೂಪಬ್‌ಗಳು ಬಾಗಿಲು ತೆಗೆದದ್ದು 2010ರ ಆಸುಪಾಸಿನಲ್ಲಿ. ಬಂದದ್ದು ಒಳ್ಳೆಯದೇ. ಆದರೆ ಜೊತೆಗೆ ಬರಬೇಕಾದ ತಿಳಿವಳಿಕೆ ಬರಲಿಲ್ಲ.

ಮುಂದಕ್ಕೆ ಹೋಗುವ ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ನಾನು ಮನೆಯಲ್ಲಿ ಬಿಯರ್ ಮಾಡಿದ್ದು ಇಂಗ್ಲೆಂಡಿನ ಡರ್ಬಿಯಲ್ಲಿ, ಕೆಲಸಕ್ಕೆಂದು ಅಲ್ಲಿದ್ದ ವರ್ಷಗಳಲ್ಲಿ. ಅಲ್ಲಿ ಅದು ವಾರಾಂತ್ಯದ ಹವ್ಯಾಸ, ಯಾರೂ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಒಂದು ಬಕೆಟ್ ಆದರೂ ಅಪರಾಧವೇ, ನಮಗೇ ಕುಡಿಯೋಕೆ ಅಂದರೂ ಅಪರಾಧವೇ. ಹಾಗಾಗಿ ನಾನು ಮಾಡುವ ಕ್ರಮ ಪೂರ್ತಿ ಹೇಳುತ್ತೇನೆ, ಆದರೆ ಇಲ್ಲಿ ನೀವು ಕೈಯಾರೆ ಮಾಡಿ ನೋಡಬಹುದಾದದ್ದು ಯೀಸ್ಟ್, ಅಂದರೆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಸೂಕ್ಷ್ಮಜೀವಿ, ಹಾಕುವ ತನಕ ಮಾತ್ರ. ಬೇಜಾರು ಮಾಡಿಕೊಳ್ಳಬೇಡಿ. ರುಚಿಯ ಮುಕ್ಕಾಲು ಪಾಲು ಯೀಸ್ಟಿಗಿಂತ ಮುಂಚೆಯೇ ತೀರ್ಮಾನ ಆಗಿರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಯೀಸ್ಟ್ ಪಂಡಿತರು ಇದನ್ನು ಒಪ್ಪುವುದಿಲ್ಲ, ಇರಲಿ.

ಈಗ ಈ ಮೂರು ಬಟ್ಟಲುಗಳನ್ನು ಹಿಂದಿನ ಸಾಲಿಗೆ ಕಳಿಸಿ. ನಾಲ್ಕೈದು ಕಾಳು ತಗೊಂಡು ಬಾಯಿಗೆ ಹಾಕಿ ಚೆನ್ನಾಗಿ ಅಗಿಯಿರಿ. ಮೊದಲನೆಯದು ಹುಲ್ಲಿನ ಬಣ್ಣದ್ದು. ಕರುಮ್ ಅನ್ನುತ್ತದೆ, ಮೊದಲು ಹಿಟ್ಟಿನ ರುಚಿ, ಅರ್ಧ ನಿಮಿಷಕ್ಕೆ ಸಿಹಿ ಬರುತ್ತದೆ. ಎರಡನೆಯದು ಕೆಂಪಗಿದೆ, ಹಲ್ಲಿಗೆ ಸ್ವಲ್ಪ ಅಂಟುತ್ತದೆ, ಸುಟ್ಟ ಸಕ್ಕರೆಯ ರುಚಿ. ಮೂರನೆಯದು ಕಪ್ಪು. ಅದನ್ನು ಒಂದೇ ಕಾಳು ಹಾಕಿಕೊಳ್ಳಿ, ಕಾಫಿ ಬೀಜ ಕಡಿದ ಹಾಗಾಗುತ್ತದೆ. ಮೂರೂ ಬಾರ್ಲಿಯೇ, ಮೊಳಕೆ ಬರಿಸಿದ್ದು. ಇದಕ್ಕೇ ಮಾಲ್ಟ್ ಅನ್ನುವುದು. ನೀರಲ್ಲಿ ನೆನೆಸಿ, ನಾಲ್ಕೈದು ದಿನ ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮೊದಲನೆಯದು. ಒಣಗುವ ಮೊದಲೇ ಒದ್ದೆ ಮೊಳಕೆಯನ್ನು ಬಿಸಿ ಮಾಡಿ, ಒಳಗೇ ಸಕ್ಕರೆ ಕಟ್ಟುವ ಹಾಗೆ ಹುರಿದರೆ ಎರಡನೆಯದು. ಕಪ್ಪಾಗುವ ತನಕ ಹುರಿದರೆ ಮೂರನೆಯದು. ಸ್ಟೌಟ್ ಕಪ್ಪಗಿರುವುದು ಅದರಿಂದಲೇ. ಅಲ್ಲೂ ಕಪ್ಪು ಮಾಲ್ಟ್ ಇರುವುದು ನೂರಕ್ಕೆ ಹತ್ತರಷ್ಟೇ, ಉಳಿದದ್ದು ಬಹುಪಾಲು ತಿಳಿ ಮಾಲ್ಟ್. ಕಪ್ಪು ಬಿಯರ್ ಅಂದರೆ ಸ್ಟ್ರಾಂಗ್ ಬಿಯರ್ ಅಂತ ನಂಬಿಕೊಂಡಿರುವವರು ಬಹಳ ಜನ. ಬಣ್ಣಕ್ಕೂ ಕಿಕ್ಕಿಗೂ ಸಂಬಂಧವೇ ಇಲ್ಲ.

ಈ ಮಾಲ್ಟ್ ಮಾಡುವ ವಿದ್ಯೆ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾತ್ರಿ ರಾಗಿ ನೆನೆ ಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಬೇರು ಉಜ್ಜಿ ತೆಗೆದು, ಗಿರಣಿಗೆ ಕೊಟ್ಟು ಮಗುವಿಗೆ ಸರಿ ಕುಡಿಸಿದ ಮನೆಗಳೇ ಎಲ್ಲ. ಯಾಕೆ ಮೊಳಕೆ ಬರಿಸುತ್ತೇವೆ? ಕಾಳು ಮೊಳೆಯುವಾಗ ತನ್ನೊಳಗಿನ ಹಿಟ್ಟನ್ನು ಸಕ್ಕರೆ ಮಾಡಿಕೊಳ್ಳುವುದಕ್ಕೆ ಅಮೈಲೇಸ್ ಅನ್ನುವ ಕಿಣ್ವ ತಯಾರು ಮಾಡುತ್ತದೆ. ಗಿಡಕ್ಕೆ ಅಂತ ಅದು ಮಾಡಿಟ್ಟದ್ದನ್ನು ನಾವು ಮಧ್ಯದಲ್ಲೇ ಒಣಗಿಸಿ ನಿಲ್ಲಿಸುತ್ತೇವೆ. ಆ ಕಿಣ್ವ ಹಿಟ್ಟಿನಲ್ಲಿ ಸುಮ್ನೆ ಕಾಯುತ್ತಾ ಕೂತಿರುತ್ತದೆ, ಬಿಸಿನೀರು ಸಿಕ್ಕಿದರೆ ಮತ್ತೆ ಕೆಲಸ ಶುರು. ಮಕ್ಕಳ ಆಹಾರಕ್ಕಾಗಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ರಾಗಿ ಮಾಲ್ಟ್ ಮೇಲೆ ಸಾಕಷ್ಟು ಕೆಲಸ ಮಾಡಿದ್ದಾರೆ. ಬ್ರೂವರಿಗೂ ಬೇಕಾಗಿರುವುದು ಇದೇ ಗುಣ.

ಮನೆಗೆ ಹೋಗಿ ಇದನ್ನು ಮಾಡಿ ನೋಡಿ, ಇದಕ್ಕೆ ಯಾವ ಲೈಸೆನ್ಸೂ ಬೇಡ. ಮಾಮೂಲಿ ರಾಗಿ ಹಿಟ್ಟಿನಲ್ಲಿ ಗಟ್ಟಿ ಗಂಜಿ ಕಾಯಿಸಿ. ಒಲೆ ಆರಿಸಿ 65 ಡಿಗ್ರಿಗೆ ಇಳಿಯುವ ತನಕ ಕಾಯಿರಿ. ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ, ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ. ಆಮೇಲೆ ಎರಡು ಚಮಚ ಮೊಳಕೆ ರಾಗಿ ಹಿಟ್ಟು ಕಲಸಿ ಹಾಟ್‌ಬಾಕ್ಸ್‌ನಲ್ಲಿ ಮುಚ್ಚಿಡಿ. ಆ ಹಿಟ್ಟು ಘಮ್ಮೆನ್ನುವ ಹಾಗೆ ಹುರಿದದ್ದಾಗಿರಬಾರದು. ಜಾಸ್ತಿ ಹುರಿದರೆ ಕಿಣ್ವ ಸಾಯುತ್ತದೆ. ಹತ್ತು ನಿಮಿಷ ಬಿಟ್ಟು ತೆರೆದರೆ ಸೌಟು ನಿಲ್ಲುವಷ್ಟು ಗಟ್ಟಿ ಇದ್ದ ಗಂಜಿ ತೆಳ್ಳಗಾಗಿ ಹರಿಯುತ್ತಿರುತ್ತದೆ. ಒಂದು ಗಂಟೆ ಬಿಟ್ಟು ರುಚಿ ನೋಡಿ, ಒಂದು ಕಾಳು ಸಕ್ಕರೆ ಹಾಕದೆ ಸಿಹಿ. ಇನ್ನೂ ನಂಬಿಕೆ ಬರದಿದ್ದರೆ ಮೆಡಿಕಲ್ ಶಾಪಿನಿಂದ ಟಿಂಕ್ಚರ್ ಅಯೋಡಿನ್ ತನ್ನಿ. ಬಿಳಿ ಸಾಸರ್ ಮೇಲೆ ಶುರುವಿನ ಗಂಜಿ ಒಂದು ಹನಿ, ಒಂದು ಗಂಟೆಯ ನಂತರದ್ದು ಒಂದು ಹನಿ. ಎರಡಕ್ಕೂ ಅಯೋಡಿನ್ ಬಿಡಿ. ಹಿಟ್ಟು ಇರುವ ಕಡೆ ಕಡುನೀಲಿ ಆಗುತ್ತದೆ, ಸಕ್ಕರೆಯಾದ ಕಡೆ ಆ ನೀಲಿ ಬರುವುದಿಲ್ಲ. ಆ ಹನಿ ಮಾತ್ರ ಬಾಯಿಗೆ ಹಾಕಬೇಡಿ.

ಡರ್ಬಿಯ ನನ್ನ ಅಡುಗೆಮನೆಯಲ್ಲಿ ನಡೆಯುತ್ತಿದ್ದದ್ದೂ ಇದೇ, ಪಾತ್ರೆ ದೊಡ್ಡದು ಅಷ್ಟೇ. 20 ಲೀಟರ್ ಬಿಯರ್‌ಗೆ ಸುಮಾರು ನಾಲ್ಕೂವರೆ ಕಿಲೋ ಮಾಲ್ಟ್. ನುಣ್ಣಗೆ ಹಿಟ್ಟು ಮಾಡಬಾರದು, ಕಾಳು ಒಡೆದು ಸಿಪ್ಪೆ ಹಾಗೇ ಇರಬೇಕು. ಅದನ್ನು ದೊಡ್ಡ ಬಟ್ಟೆ ಚೀಲದಲ್ಲಿ ಹಾಕಿ 67 ಡಿಗ್ರಿಯ ನೀರಲ್ಲಿ ಒಂದು ಗಂಟೆ. ಮನೆಯೆಲ್ಲಾ ಹಾರ್ಲಿಕ್ಸ್ ವಾಸನೆ. ಇಲ್ಲಿ ಮೂರು ನಾಲ್ಕು ಡಿಗ್ರಿ ಆಚೀಚೆ ಆದರೆ ಬಿಯರೇ ಬೇರೆ. 63ರ ಹತ್ತಿರ ಇಟ್ಟರೆ ಯೀಸ್ಟ್ ತಿನ್ನಬಹುದಾದ ಸಕ್ಕರೆ ಜಾಸ್ತಿ, ಬಿಯರ್ ತೆಳುವಾಗಿ ಒಣಗಿದಂತಿರುತ್ತದೆ. 69ಕ್ಕೆ ಹೋದರೆ ಯೀಸ್ಟ್ ಮುಟ್ಟದ ಸಕ್ಕರೆ ಉಳಿದು ಬಾಯಿ ತುಂಬುವ ಬಿಯರ್ ಬರುತ್ತದೆ. ಪಬ್ಬಿನಲ್ಲಿ ಕುಡಿಯುವಾಗ "ಇದು ಯಾಕೋ ನೀರು ನೀರು" ಅಥವಾ "ಇದು ಹೊಟ್ಟೆ ತುಂಬಿಸ್ತು" ಅಂತ ನಿಮಗೆ ಅನ್ನಿಸುವುದರ ಹಿಂದೆ ಈ ನಾಲ್ಕು ಡಿಗ್ರಿ ಇರಬಹುದು. ಗಂಟೆ ಮುಗಿದ ಮೇಲೆ ಚೀಲ ಎತ್ತಿ ಸೋರಲು ಬಿಟ್ಟರೆ ಕೆಳಗೆ ಉಳಿಯುವ ಸಿಹಿನೀರಿಗೆ ವರ್ಟ್ ಅನ್ನುತ್ತಾರೆ. ಚೀಲದಲ್ಲಿ ಉಳಿದ ಚರಟ ಒಳ್ಳೆಯ ದನದ ಮೇವು. ದೊಡ್ಡ ಬ್ರೂವರಿಗಳದ್ದೆಲ್ಲ ಹಸುಗಳ ಹೊಟ್ಟೆಗೇ ಹೋಗುತ್ತದೆ. ನನ್ನದು ಪಕ್ಕದ ಮನೆಯ ಅಜ್ಜನ ಕೋಳಿಗಳಿಗೆ ಹೋಗುತ್ತಿತ್ತು.

ರಾಗಿಯಲ್ಲೇ ಬಿಯರ್ ಮಾಡಬಹುದಾ ಅಂತ ಇಲ್ಲಿ ಯಾರೋ ಕೇಳುತ್ತಿದ್ದೀರಿ. ಮಾಡುತ್ತಾರೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ತೋಂಗ್ಬಾ ಅಂತ ಇದೆ. ಹುದುಗಿಸಿದ ರಾಗಿಯನ್ನು ಮರದ ಅಥವಾ ಬಿದಿರಿನ ಪಾತ್ರೆಗೆ ತುಂಬಿ, ಮೇಲೆ ಬಿಸಿನೀರು ಹುಯ್ದು, ಬಿದಿರಿನ ಕೊಳವೆಯಲ್ಲಿ ಹೀರುತ್ತಾರೆ. ನೀರು ಮುಗಿದರೆ ಮತ್ತೆ ಹುಯ್ಯುತ್ತಾರೆ. ಉಗಾಂಡಾದ ತೇಸೋ ಜನ ರಾಗಿಯಲ್ಲಿ ಮಾಡುವ ಅಜೋನ್ ಅನ್ನು ಒಂದು ಮಡಕೆಯ ಸುತ್ತ ಕೂತು ಉದ್ದುದ್ದ ಕೊಳವೆಗಳಲ್ಲಿ ಒಟ್ಟಿಗೆ ಕುಡಿಯುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಅಲ್ಲಿಯ ರಾಗಿಯನ್ನು ನಮ್ಮ ರಾಗಿಗೆ ಬೆರೆಸಿಯೇ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಮಾಡಿದ್ದು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಇಂಡಾಫ್. ನಮ್ಮಪ್ಪ ಬಿತ್ತಿದ ರಾಗಿಯ ಅರ್ಧ ರಕ್ತ ಬಿಯರ್ ಕುಡಿಯುವವರ ಊರಿನದ್ದು ಅಂತ ಗೊತ್ತಾದಾಗ ನನಗೆ ಬಹಳ ಖುಷಿಯಾಯಿತು. ಅಪ್ಪನಿಗೆ ಹೇಳಲಿಲ್ಲ.

ಕೆಲಸದ ದೃಷ್ಟಿಯಿಂದ ಮಾತ್ರ ರಾಗಿ ಸ್ವಲ್ಪ ಹಟಮಾರಿ. ಬಾರ್ಲಿಗೆ ದಪ್ಪ ಸಿಪ್ಪೆ ಇದೆ, ಅದೇ ಜರಡಿಯಾಗಿ ವರ್ಟ್ ಸೋಸಿಕೊಡುತ್ತದೆ. ರಾಗಿಗೆ ಆ ಸಿಪ್ಪೆ ಇಲ್ಲ, ಎಲ್ಲಾ ಸೇರಿ ಅಂಟಾಗಿ ಕೂರುತ್ತದೆ. ಅದಕ್ಕೆ ತೊಳೆದ ಭತ್ತದ ಹೊಟ್ಟು ಬೆರೆಸುತ್ತಾರೆ. ಇನ್ನೊಂದು, ರಾಗಿಯ ಹಿಟ್ಟು ಬೇಯಲು ಬಾರ್ಲಿಗಿಂತ ಜಾಸ್ತಿ ಬಿಸಿ ಬೇಕು. ಹಾಗಾಗಿ ಮೊದಲು ಗಂಜಿ ಕಾಯಿಸಿ, ಆರಿಸಿ, ಆಮೇಲೆ ಬಾರ್ಲಿ ಮಾಲ್ಟ್ ಸೇರಿಸುವುದು ಸುಲಭದ ದಾರಿ.

ಮುಂದೆ ಹಾಪ್ಸ್. ಈ ಹಸಿರು ಗುಳಿಗೆ ಒಂದನ್ನು ಅಂಗೈಯಲ್ಲಿಟ್ಟು ಇನ್ನೊಂದು ಕೈಯಿಂದ ಉಜ್ಜಿ, ಆಮೇಲೆ ಮೂಸಿ. ಒಬ್ಬರು ಕಿತ್ತಳೆ ಸಿಪ್ಪೆ ಅಂದರು, ಒಬ್ಬರು ಹಸಿ ಹುಲ್ಲು ಅಂದರು, ಹಿಂದಿನವರು ಗಾಂಜಾ ಅಂದರು. ಅವರಿಗೆ ಹೇಗೆ ಗೊತ್ತು ಅಂತ ನಾನು ಕೇಳುವುದಿಲ್ಲ, ಆದರೆ ಅವರು ಹೇಳಿದ್ದು ಸರಿ. ಎರಡೂ ಒಂದೇ ಸಸ್ಯ ಕುಟುಂಬದವು. ಹಾಪ್ಸ್‌ನಲ್ಲಿ ಆ ನಶೆ ಇಲ್ಲ, ಅಷ್ಟೇ. ಇದು ಬಳ್ಳಿಯ ಹೂವು, ತಂಪು ದೇಶದ್ದು. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆಯುತ್ತಾರೆ. ಬರೀ ವರ್ಟ್ ಕುಡಿದರೆ ಗಂಟಲು ಕಟ್ಟುವಷ್ಟು ಸಿಹಿ, ಅದನ್ನು ಸಮ ಮಾಡುವ ಕಹಿ ಹಾಪ್ಸ್‌ನದ್ದು. ಕೆಡದಂತೆ ಕಾಯುವ ಗುಣವೂ ಇದಕ್ಕಿದೆ.

ಹಾಪ್ಸ್ ಯಾವಾಗ ಹಾಕುತ್ತೀರಿ ಅನ್ನುವುದೇ ಎಲ್ಲ. ವರ್ಟನ್ನು ಒಂದು ಗಂಟೆ ಕುದಿಸುತ್ತೇವೆ. ಶುರುವಿನಲ್ಲೇ ಹಾಕಿದರೆ ಕಹಿ ಪೂರ್ತಿ ಬಿಟ್ಟುಕೊಳ್ಳುತ್ತದೆ, ಪರಿಮಳ ಹಬೆಯಲ್ಲಿ ಹೋಗಿಬಿಡುತ್ತದೆ. ಕೊನೆಯ ಐದು ನಿಮಿಷಕ್ಕೆ ಹಾಕಿದರೆ ಕಹಿ ಕಡಿಮೆ, ಪರಿಮಳ ಜಾಸ್ತಿ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಇಳಿಸುವಾಗ ಉದುರಿಸುತ್ತೀರಲ್ಲ, ಹಾಗೆ. ಕುದಿಸದೆ, ಹುದುಗಿದ ತಣ್ಣನೆ ಬಿಯರ್‌ಗೆ ಹಾಕುವವರೂ ಇದ್ದಾರೆ, ಈಗಿನ ಐಪಿಎಗಳ ಮಾವು, ಮೂಸಂಬಿ ವಾಸನೆ ಬಹುಪಾಲು ಅಲ್ಲಿಂದ. ಹಣ್ಣೇ ಹಾಕಿಲ್ಲ, ಆದರೂ ಹಣ್ಣಿನ ವಾಸನೆ. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್, ತಿಳಿ ಬಣ್ಣದ ಒಂದು ಬಗೆಯ ಬಿಯರ್. ಅದರಲ್ಲಿ ಐ ಅಂದರೆ ನಾವೇ, ಇಂಡಿಯಾ. ಇಲ್ಲಿದ್ದ ಬ್ರಿಟಿಷರಿಗೆ ಹಡಗಲ್ಲಿ ಬರುತ್ತಿದ್ದ ಬಿಯರ್ ಅದು. ಲಂಡನ್ನಿನ ಹಾಡ್ಜ್‌ಸನ್ ಬ್ರೂವರಿ ಹದಿನೆಂಟನೇ ಶತಮಾನದ ಕೊನೆಗೇ ಕಳಿಸುತ್ತಿತ್ತು. ಬೇರೆ ಬಿಯರ್ ದಾರಿಯಲ್ಲೇ ಕೆಡುತ್ತಿತ್ತು, ಅದಕ್ಕೆ ಇದನ್ನು ಕಂಡುಹಿಡಿದರು ಅನ್ನುವ ಕಥೆ ಎಲ್ಲ ಪಬ್ಬಿನ ಗೋಡೆ ಮೇಲೂ ಇರುತ್ತದೆ. ಅದು ಪೂರ್ತಿ ನಿಜ ಅಲ್ಲ. ಪೋರ್ಟರ್ ಅನ್ನುವ ಕಪ್ಪು ಬಿಯರ್ ಕೂಡ ಅದೇ ಹಡಗುಗಳಲ್ಲಿ ಚೆನ್ನಾಗಿಯೇ ಬಂದು ಇಳಿಯುತ್ತಿತ್ತು.

ಈಗ ನೀರಿಗೆ ಬರೋಣ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಬಿಯರ್‌ನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ. ನಮ್ಮ ಜಿಲ್ಲೆಗಳವರಿಗೆ ನೀರಿನ ಬಗ್ಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಸಾವಿರ ಅಡಿ, ಅದಕ್ಕೂ ಆಳ ಕೊರೆದು ತೆಗೆದ ನೀರು ನಮ್ಮದು. ಗೀಸರ್ ರಾಡ್ ಬಿಚ್ಚಿ ನೋಡಿದರೆ ಬಿಳಿ ಕಲ್ಲು ಕಟ್ಟಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಫ್ಲೋರೈಡ್ ಕಾಟ ಬೇರೆ.

ಬಿಯರ್ ಚರಿತ್ರೆ ತೆಗೆದು ನೋಡಿದರೆ ಊರಿಗೊಂದು ಬಿಯರ್ ಆದದ್ದು ಬಹುಮಟ್ಟಿಗೆ ನೀರಿನಿಂದ. ನಾನಿದ್ದ ಡರ್ಬಿಯಿಂದ ರೈಲಿನಲ್ಲಿ ಕಾಲು ಗಂಟೆಯೊಳಗೆ ಬರ್ಟನ್ ಸಿಗುತ್ತದೆ. ಟ್ರೆಂಟ್ ನದಿಯ ದಡದ ಸಣ್ಣ ಊರು. ಅಲ್ಲಿಯ ಬಾವಿ ನೀರಿನಲ್ಲಿ ಜಿಪ್ಸಮ್ ಅನ್ನುವ ಲವಣ ಜಾಸ್ತಿ. ಅಂಥ ನೀರಲ್ಲಿ ಹಾಪ್ಸ್‌ನ ಕಹಿ ನಾಲಿಗೆ ಮೇಲೆ ಚುರುಕಾಗಿ ಬಂದು ಬೇಗ ಹೋಗುತ್ತದೆ. 1820ರ ದಶಕದಲ್ಲಿ ಬರ್ಟನ್ನಿನವರು ಇಂಡಿಯಾಕ್ಕೆ ಪೇಲ್ ಏಲ್ ಕಳಿಸಲು ಶುರು ಮಾಡಿ ಲಂಡನ್ನಿನವರನ್ನು ಮೂಲೆಗೆ ತಳ್ಳಿದ್ದರಲ್ಲಿ ಆ ನೀರಿನ ಕೈವಾಡವೂ ಇದೆ. ಆಮೇಲೆ ಬೇರೆ ಊರಿನ ಬ್ರೂವರಿಗಳು ತಮ್ಮ ನೀರಿಗೆ ಜಿಪ್ಸಮ್ ಬೆರೆಸಿಕೊಳ್ಳುವುದನ್ನು ಕಲಿತವು. ಜೆಕ್ ದೇಶದ ಪಿಲ್ಸೆನ್‌ನಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಲವಣವೇ ಇಲ್ಲದಷ್ಟು ಮೆದು ನೀರು. 1842ರಲ್ಲಿ ಯೋಸೆಫ್ ಗ್ರೋಲ್ ಅಲ್ಲಿ ಮಾಡಿದ ಹೊಳೆಯುವ ಹೊಂಬಣ್ಣದ ಲಾಗರ್‌ನ ಮೊಮ್ಮಕ್ಕಳೇ ಇವತ್ತು ನಮ್ಮ ವೈನ್ ಶಾಪಿನ ಬಾಟಲಿಗಳೆಲ್ಲ. ಡಬ್ಲಿನ್‌ನಲ್ಲಿ ಸುಣ್ಣದ ನೀರು. ಅದಕ್ಕೆ ಹುರಿದ ಮಾಲ್ಟಿನ ಹುಳಿ ಸರಿಹೊಂದುತ್ತದೆ, ಕಪ್ಪು ಸ್ಟೌಟ್ ಅಲ್ಲಿ ಬೇರೂರಿತು.

ಹಾಗಾದರೆ ನಮ್ಮ ಬೋರ್‌ವೆಲ್ ನೀರು ಯಾವ ಬಿಯರಿಗೆ? ಸುಣ್ಣ ಜಾಸ್ತಿ ಇರುವುದರಿಂದ ಹಾಗೇ ಬಳಸಿದರೆ ತಿಳಿ ಲಾಗರ್ ಒರಟಾಗುತ್ತದೆ, ಕಹಿ ಗಂಟಲಲ್ಲಿ ಉಳಿಯುತ್ತದೆ. ಕಪ್ಪು ಬಿಯರಿಗೆ ಪರವಾಗಿಲ್ಲ. ನೀರನ್ನು ಕುದಿಸಿ ಆರಲು ಬಿಟ್ಟರೆ ಸ್ವಲ್ಪ ಸುಣ್ಣ ತಳದಲ್ಲಿ ಕೂರುತ್ತದೆ, ಮೇಲಿನ ತಿಳಿ ಬಸಿದುಕೊಳ್ಳಬಹುದು. ಆದರೆ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಇದನ್ನು ಬಿಯರ್ ಮರೆತು ಕುಡಿಯುವ ನೀರಿನ ಲೆಕ್ಕದಲ್ಲೂ ತಲೆಯಲ್ಲಿಟ್ಟುಕೊಳ್ಳಿ. ಆರ್‌ಓ ನೀರು ತಗೊಂಡು, ಅದಕ್ಕೆ ಬೇಕಾದಷ್ಟು ಜಿಪ್ಸಮ್ಮೋ ಕ್ಯಾಲ್ಸಿಯಂ ಕ್ಲೋರೈಡೋ ಗ್ರಾಂ ಲೆಕ್ಕದಲ್ಲಿ ಸೇರಿಸುವುದು ಈಗ ಬ್ರೂವರಿಗಳಲ್ಲಿ ಮಾಮೂಲು. ಅಂದರೆ ಬರ್ಟನ್ನಿನ ನೀರನ್ನು ಚಿಂತಾಮಣಿಯಲ್ಲೂ ತಯಾರಿಸಬಹುದು. ನಲ್ಲಿ ನೀರಾದರೆ ಕ್ಲೋರಿನ್ ನೋಡಿಕೊಳ್ಳಬೇಕು. ಅದು ಮಾಲ್ಟಿನ ಜೊತೆ ಸೇರಿ ಆಸ್ಪತ್ರೆ ವಾಸನೆ ತರುತ್ತದೆ.

ಯೀಸ್ಟ್ ಬಗ್ಗೆ ಬೇಗ ಮುಗಿಸುತ್ತೇನೆ. 1516ರಲ್ಲಿ ಈಗಿನ ಜರ್ಮನಿಯ ಬವೇರಿಯಾದ ದೊರೆ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ ಕಟ್ಟಳೆ ತಂದ. ಅದರಲ್ಲಿ ಯೀಸ್ಟಿನ ಹೆಸರೇ ಇಲ್ಲ. ಅದು ಏನು ಮಾಡುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಲೂಯಿ ಪಾಶ್ಚರ್ ಬಿಯರ್ ಮೇಲೆ ತನ್ನ ಪುಸ್ತಕ ಹೊರತಂದದ್ದು 1876ರಲ್ಲಿ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಹ್ಯಾನ್ಸೆನ್ ಒಂದೇ ತಳಿಯ ಶುದ್ಧ ಯೀಸ್ಟ್ ಬೆಳೆಸಿದ. ಏಲ್ ಯೀಸ್ಟ್‌ಗೆ 18ರಿಂದ 22 ಡಿಗ್ರಿ ಹಿತ, ಲಾಗರ್ ಯೀಸ್ಟ್‌ಗೆ 10ರ ಆಸುಪಾಸು. ಅದಕ್ಕೇ ಫ್ರಿಜ್ ಇಲ್ಲದೆ ಲಾಗರ್ ಕಷ್ಟ. ನಮ್ಮ ಏಪ್ರಿಲ್ ತಿಂಗಳಿಗೆ ಹೊಂದುವ ಯೀಸ್ಟ್ ಕೂಡ ಇದೆ. ಅದು ಚಳಿ ದೇಶ ನಾರ್ವೆಯದ್ದು, ಕ್ವೈಕ್ ಅಂತ. ಹಳ್ಳಿಗಳ ಮನೆಗಳಲ್ಲಿ ತಲೆಮಾರಿನಿಂದ ಉಳಿಸಿಕೊಂಡು ಬಂದದ್ದು, 35 ಡಿಗ್ರಿಯಲ್ಲೂ ಆರಾಮಾಗಿ ಕೆಲಸ ಮಾಡುತ್ತದೆ. ವೀಟ್ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದಲ್ಲ, ಅದನ್ನು ಯಾರೂ ಹಾಕಿರುವುದಿಲ್ಲ. ಆ ಯೀಸ್ಟೇ ಮಾಡಿಕೊಳ್ಳುತ್ತದೆ.

ಕುದಿಸಿದ ವರ್ಟನ್ನು ಬೇಗ ತಣಿಸಿ, ಬಕೆಟ್ಟಿಗೆ ಸುರಿದು, ಒಂದು ಪೊಟ್ಟಣ, ಅಂದರೆ ಹನ್ನೊಂದು ಗ್ರಾಂ ಒಣ ಯೀಸ್ಟ್ ಉದುರಿಸಿದರೆ ಬೆಳಗಾಗುವುದರಲ್ಲಿ, ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಏರ್‌ಲಾಕ್‌ನಲ್ಲಿ ಗುಳು ಗುಳು ಶುರು. ಈ ಹಂತದಲ್ಲಿ ಮುಟ್ಟುವ ಪ್ರತಿ ವಸ್ತು ಶುದ್ಧ ಇರಬೇಕು. ಬಿಯರ್ ಮಾಡುವುದು ಅಂದರೆ ಅರ್ಧಕ್ಕರ್ಧ ಪಾತ್ರೆ ತೊಳೆಯುವ ಕೆಲಸ, ಇದನ್ನು ಯಾವ ವಿಡಿಯೋದಲ್ಲೂ ತೋರಿಸುವುದಿಲ್ಲ. ಹುದುಗಲು ಎರಡು ವಾರ. ಆಮೇಲೆ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬಿಟ್ಟು ನೋಡುವುದು. ಶುರುವಿನಲ್ಲಿ 1.048 ಇದ್ದದ್ದು 1.010ಕ್ಕೆ ಇಳಿದಿದ್ದರೆ, ವ್ಯತ್ಯಾಸವನ್ನು 131ರಿಂದ ಗುಣಿಸಿ. ಹತ್ತಿರ ಹತ್ತಿರ 5 ಬರುತ್ತದೆ, ಅಷ್ಟು ಪರ್ಸೆಂಟ್ ಆಲ್ಕೋಹಾಲ್. ನಿಮ್ಮ ಕಿಕ್ಕಿನ ಲೆಕ್ಕ ಇಷ್ಟೇ ನೋಡಿ. ಬಾಟಲಿಗೆ ತುಂಬುವಾಗ 20 ಲೀಟರಿಗೆ ಸುಮಾರು 120 ಗ್ರಾಂ ಸಕ್ಕರೆ ಸೇರಿಸಿದರೆ ಒಳಗೇ ಗ್ಯಾಸ್ ಕಟ್ಟುತ್ತದೆ. ಹುದುಗುವುದು ಮುಗಿಯುವ ಮೊದಲೇ ತುಂಬಿದರೆ ಬಾಟಲಿ ಸಿಡಿಯುತ್ತದೆ, ಇದು ತಮಾಷೆಯ ಮಾತಲ್ಲ.

ಮನೆಯಲ್ಲಿ ಮಾಡಿದ್ದು ಕುಡಿದರೆ ಕಣ್ಣು ಹೋಗುವುದಿಲ್ಲವಾ ಅಂತ ಒಬ್ಬರು ಕೇಳಿದಿರಿ. ಅದು ಮಿಥನಾಲ್ ಅನ್ನುವ ವಿಷದ ಆಲ್ಕೋಹಾಲಿನ ಭಯ. ಕಾಳಿನ ಬಿಯರ್ ಹುದುಗುವಾಗ ಮಿಥನಾಲ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಜನ ಸತ್ತದ್ದು, ಕಣ್ಣು ಕಳೆದುಕೊಂಡದ್ದು ಕಾರ್ಖಾನೆಯ ಮಿಥನಾಲ್ ಬೆರೆಸಿದ ಕಳ್ಳಭಟ್ಟಿಯಿಂದ. ಭಟ್ಟಿ ಇಳಿಸುವುದು ಬೇರೆಯೇ ಕೆಲಸ, ಅದರ ಹತ್ತಿರ ಹೋಗಲೇಬೇಡಿ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿರುವುದು ನಿಮಗೆ ಗೊತ್ತೇ ಇದೆ.

ಕುಡಿಯುವ ವಿಷಯಕ್ಕೆ ಬರುತ್ತೇನೆ. ನಾವು ಬಿಯರನ್ನು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕುಡಿಯುತ್ತೇವೆ. ಅಷ್ಟು ಚಳಿಯಲ್ಲಿ ನಾಲಿಗೆಗೆ ಏನೂ ತಿಳಿಯುವುದಿಲ್ಲ. ರುಚಿ ಇಲ್ಲದ ಬಿಯರಿಗೆ ಅದು ಒಳ್ಳೆಯ ಉಪಾಯವೇ. ದುಡ್ಡು ಕೊಟ್ಟು ಒಳ್ಳೆಯ ಸ್ಟೌಟ್ ತಗೊಂಡಿದ್ದರೆ ಹತ್ತು ನಿಮಿಷ ಹಾಗೇ ಬಿಡಿ. ನೊರೆ ಕಂಡರೆ ಮೋಸ ಮಾಡಿದ ಅಂತ ಜಗಳ ತೆಗೆಯಬೇಡಿ. ಎರಡು ಬೆರಳು ನೊರೆ ಇರಲೇಬೇಕು, ಪರಿಮಳ ಮೂಗಿಗೆ ಬರುವುದು ಅದರಿಂದ. ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ಕೂತಿದ್ದರೆ ಗ್ಲಾಸಿನಲ್ಲಿ ಜಿಡ್ಡಿದೆ ಅಂತ ಅರ್ಥ, ಬೇರೆ ಕೇಳಿ. ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಬಂದರೆ ಹುದುಗುವುದು ಪೂರ್ತಿಯಾಗಿಲ್ಲ, ಇಲ್ಲಾ ಪೈಪು ತೊಳೆದಿಲ್ಲ. ಒದ್ದೆ ರಟ್ಟಿನ ವಾಸನೆ ಬಂದರೆ ಹಳೆಯದು, ಗಾಳಿ ತಾಗಿದೆ. ಹಸಿರು ಬಾಟಲಿಯ ಬಿಯರಿಗೆ ಬಿಸಿಲು ಬಿದ್ದರೆ ಕೆಟ್ಟ ನಾತ ಬರುತ್ತದೆ, ಬೆಳಕು ಹಾಪ್ಸ್‌ನ ಕಹಿಯನ್ನು ಒಡೆದು ಹಾಕುತ್ತದೆ. ಕಂದು ಬಾಟಲಿ ಬಳಸುವುದು ಅದಕ್ಕೇ. ಹುಳಿ ಬಿಯರ್ ಅಂತಲೇ ಮಾಡಿದ್ದಿದ್ದರೆ ಮಾತ್ರ ಹುಳಿ ತಪ್ಪಲ್ಲ. ಬೆಂಗಳೂರಿನ ಗೆಳೆಯರು ಅದಕ್ಕೆ ಮುಖ ಕಿವಿಚುತ್ತಾರೆ. ರಾತ್ರಿ ಹುಳಿ ಬರಿಸಿದ ರಾಗಿ ಅಂಬಲಿ ಕುಡಿದು ಬೆಳೆದವರಿಗೆ ಅದು ಒಂದೇ ಗುಟುಕಿಗೆ ಒಗ್ಗುತ್ತದೆ. ಎರಡರಲ್ಲೂ ಇರುವುದು ಲ್ಯಾಕ್ಟಿಕ್ ಹುಳಿಯೇ.

ಊಟದ ಜೊತೆ ಅಂದರೆ, ನಾಟಿಕೋಳಿ ಸಾರಿಗೆ ಐಪಿಎ ತಗೋಬೇಡಿ. ಹಾಪ್ಸ್‌ನ ಕಹಿ ಮೆಣಸಿನ ಖಾರವನ್ನು ಇನ್ನೂ ಏರಿಸುತ್ತದೆ. ಖಾರಕ್ಕೆ ವೀಟ್ ಬಿಯರ್ ಸರಿ. ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿಗೆ ಲಾಗರ್. ಸ್ಟೌಟ್‌ಗೆ ಬೇಳೆ ಒಬ್ಬಟ್ಟು. ನಗುತ್ತಿದ್ದೀರಿ, ಒಮ್ಮೆ ತಿಂದು ನೋಡಿ. ಬೆಲ್ಲದ ಸಿಹಿಗೂ ಸುಟ್ಟ ಮಾಲ್ಟಿನ ಕಹಿಗೂ ಚೆನ್ನಾಗಿ ಕೂಡುತ್ತದೆ. ಬ್ರೂಪಬ್ಬಿಗೆ ಹೋದಾಗ ದೊಡ್ಡ ಗ್ಲಾಸ್ ಹೇಳುವ ಮೊದಲು ಸ್ಯಾಂಪ್ಲರ್ ಕೇಳಿ, ಸಣ್ಣ ಸಣ್ಣ ಗ್ಲಾಸಿನಲ್ಲಿ ಎಲ್ಲಾ ಬಗೆಯೂ ಬರುತ್ತದೆ. ತಿಳಿಯಿಂದ ಕಪ್ಪಿನ ಕಡೆಗೆ, ಕಡಿಮೆ ಕಹಿಯಿಂದ ಜಾಸ್ತಿ ಕಹಿಯ ಕಡೆಗೆ ಹೋಗಿ. ಅಲ್ಲಿ ಬ್ರೂವರ್ ಸಿಕ್ಕಿದರೆ ಮಾತಾಡಿಸಿ. ನೀರಿಗೆ ಏನು ಸೇರಿಸುತ್ತೀರಿ ಅಂತ ಕೇಳಿ ನೋಡಿ, ಅವರ ಮುಖ ಅರಳುತ್ತದೆ. ಅವರನ್ನು ಅದನ್ನು ಕೇಳುವವರೇ ಇಲ್ಲ.

ಕೊನೆಯ ಪ್ರಶ್ನೆ, ಮನೆಯಲ್ಲಿ ಮಾಡಿದರೆ ಅಗ್ಗ ಆಗುತ್ತಾ? ಇಂಗ್ಲೆಂಡಿನಲ್ಲಿ ಮನೆ ಬಿಯರ್‌ಗೆ ತೆರಿಗೆ ಇಲ್ಲ. ಮಾಲ್ಟು, ಹಾಪ್ಸು, ಯೀಸ್ಟು, ಗ್ಯಾಸು ಎಲ್ಲ ಸೇರಿಸಿದರೂ ಪಬ್ಬಿನ ರೇಟಿಗೆ ಹೋಲಿಸಿದರೆ ತುಂಬಾ ಕಡಿಮೆ. ಹಾಗಂತ ಶುರು ಮಾಡಿದೆ. ಆಮೇಲೆ ದೊಡ್ಡ ಪಾತ್ರೆ ಬಂತು, ವರ್ಟ್ ತಣಿಸುವ ತಾಮ್ರದ ಸುರುಳಿ ಬಂತು, ಲಾಗರ್ ಮಾಡಬೇಕು ಅಂತ ಸೆಕೆಂಡ್ ಹ್ಯಾಂಡ್ ಫ್ರಿಜ್ ಬಂತು, ಆ ಫ್ರಿಜ್ ಇಡೋಕೆ ಶೆಡ್ಡಿಗೆ ಕರೆಂಟ್ ಎಳೆಸಿದೆ. ಅಲ್ಲಿಗೆ ಲೆಕ್ಕ ಬರೆಯುವುದು ಬಿಟ್ಟೆ.